ಗಾಡಿಯ ಕಾಯಿಲೆ ಬಾಯಲ್ಲಿ ಹೇಳಬೇಡ, ಬರೆಸು

ಪುಟ್ಟಿ,

ಭಾನುವಾರ ನೀನು ಫೋನಿನಲ್ಲಿ ಹೇಳಿದ್ದನ್ನು ಕೇಳಿ ನಿನ್ನ ದೊಡ್ಡಮ್ಮನಿಗೆ ಗಾಬರಿಯಾಯಿತು, ನನಗೆ ಸಿಟ್ಟು ಬಂತು. ಕೊಂಡು ಇನ್ನೂ ವರ್ಷ ತುಂಬದ ಕಾರು. ಕ್ಯಾಲಿಫೋರ್ನಿಯಾದ 101ನೇ ಹೆದ್ದಾರಿಗೆ ಸೇರುವ ಹೊತ್ತಿನಲ್ಲಿ, ಹಿಂದಿನಿಂದ ಲಾರಿಗಳು ನುಗ್ಗಿ ಬರುತ್ತಿರುವಾಗ, ಆಕ್ಸಿಲರೇಟರ್ ಒತ್ತಿದರೂ ಗಾಡಿ ದಮ್ಮು ಕಟ್ಟಿ ಮಂಕಾಗಿಬಿಡುತ್ತದೆ. ಮೂರು ಸಲ ಡೀಲರ್ ಹತ್ತಿರ ಬಿಟ್ಟು ಬಂದಿದ್ದೀಯ. ಮೂರು ಸಲವೂ ‘ನಮ್ಮ ಕೈಯಲ್ಲಿ ಚೆನ್ನಾಗಿಯೇ ಓಡಿತು’ ಎಂದು ಕೀಲಿ ವಾಪಸ್ ಕೊಟ್ಟಿದ್ದಾರೆ. ಇಷ್ಟಕ್ಕೇ ನನಗೆ ಸಿಟ್ಟು ಬರಲಿಲ್ಲ. ‘ಪ್ರತಿ ಸಲವೂ ಕಾಗದ ಕೊಟ್ಟರಾ?’ ಎಂದು ಕೇಳಿದಾಗ ನೀನು, ‘ವಾರಂಟಿಯಲ್ಲಿದೆಯಲ್ಲ ದೊಡ್ಡಪ್ಪ, ಒಂದು ಡಾಲರೂ ತಗೊಳ್ಳಲಿಲ್ಲ, ಪಾಪ, ಕಾಫಿ ಕೊಟ್ಟು ಕೂರಿಸಿದರು’ ಎಂದೆಯಲ್ಲ, ಆಗ ಬಂತು.

ಆ ಕಾಫಿಯ ಋಣವನ್ನು ಮರೆತು ಈ ಪತ್ರ ಓದು. ಡೆಟ್ರಾಯಿಟ್ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯ ಗುಣಮಟ್ಟದ ವಿಭಾಗದಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿದವನು ನಾನು. ಅಲ್ಲಿ ನಮ್ಮೆಲ್ಲರ ತಲೆಗೆ ಮೊದಲ ವಾರವೇ ಹೊಡೆದು ಕೂರಿಸುತ್ತಿದ್ದ ಪಾಠ ಒಂದೇ: ಬರೆದಿಡದ ದೋಷ ಇಲ್ಲದ ದೋಷ. ಕಾರ್ಖಾನೆಯೊಳಗೆ ಅದು ಎಷ್ಟು ನಿಜವೋ ಈ ದೇಶದ ಕೋರ್ಟಿನಲ್ಲೂ ವಾಷಿಂಗ್ಟನ್ನಿನ ಇಲಾಖೆಯಲ್ಲೂ ಅಷ್ಟೇ ನಿಜ. ನಮ್ಮ ಕಡೆಯ ಮಕ್ಕಳು ಇಲ್ಲಿಗೆ ಬಂದು ಎಲ್ಲವನ್ನೂ ಬೇಗ ಕಲಿಯುತ್ತೀರಿ, ಜಗಳವಾಡದೆ ಕಾಗದ ಕೇಳುವುದನ್ನು ಮಾತ್ರ ಕಲಿಯುವುದಿಲ್ಲ. ‘ಹೋಗಲಿ ಬಿಡು’ ಎನ್ನುವ ನಮ್ಮ ಸ್ವಭಾವ ಮದುವೆಮನೆಗೆ ಚೆಂದ, ಸರ್ವೀಸ್ ಕೌಂಟರಿಗೆ ಅಲ್ಲ.

ನಿನ್ನ ಮುಂದೆ ಎರಡು ದಾರಿಗಳಿವೆ, ಎರಡನ್ನೂ ಕಲಸಬೇಡ. ಒಂದೇ ಮಾದರಿಯ ಸಾವಿರಾರು ಗಾಡಿಗಳಲ್ಲಿ ಪ್ರಾಣಕ್ಕೆ ಕುತ್ತು ತರುವ ದೋಷವಿದ್ದರೆ ಕಂಪನಿ ಅವನ್ನೆಲ್ಲ ವಾಪಸ್ ಕರೆಸಿ ಪುಕ್ಕಟೆಯಾಗಿ ಸರಿಮಾಡಿಕೊಡಬೇಕು, ಅದು ರೀಕಾಲ್. ಅದನ್ನು ಕೇಂದ್ರ ಸರ್ಕಾರದ ಹೆದ್ದಾರಿ ಸುರಕ್ಷತಾ ಆಡಳಿತ ನೋಡಿಕೊಳ್ಳುತ್ತದೆ. ಇನ್ನೊಂದು, ನಿನ್ನದೊಂದೇ ಗಾಡಿ ಹುಟ್ಟಿನಿಂದಲೇ ಕೆಟ್ಟದ್ದಾಗಿದ್ದು, ವಾರಂಟಿಯ ಒಳಗೆ ಎಷ್ಟು ಸಲ ರಿಪೇರಿ ಮಾಡಿದರೂ ದಾರಿಗೆ ಬಾರದಿದ್ದರೆ ಕಂಪನಿ ಅದನ್ನು ವಾಪಸ್ ತಗೊಂಡು ದುಡ್ಡನ್ನೋ ಬೇರೆ ಗಾಡಿಯನ್ನೋ ಕೊಡಬೇಕು ಎನ್ನುವ ಲೆಮನ್ ಕಾನೂನು. ಇದು ಒಂದೊಂದು ರಾಜ್ಯಕ್ಕೆ ಒಂದೊಂದು ಥರ. ರೀಕಾಲ್ ನಿನ್ನ ಮನೆಯ ವಿಳಾಸ ಹುಡುಕಿಕೊಂಡು ಬರುತ್ತದೆ. ಲೆಮನ್ ಕಾನೂನು ತಾನಾಗಿ ಬರುವುದಿಲ್ಲ, ನೀನೇ ಹೋಗಿ ಬಾಗಿಲು ಬಡಿಯಬೇಕು.

ಇವೆರಡೂ ಕಂಪನಿಗಳ ಔದಾರ್ಯದಿಂದ ಬಂದವು ಎಂದು ಯಾರಾದರೂ ಹೇಳಿದರೆ ನಂಬಬೇಡ. 1965ರಲ್ಲಿ ರಾಲ್ಫ್ ನೇಡರ್ ಎಂಬ ಯುವ ವಕೀಲ ಕಾರುಗಳ ವಿನ್ಯಾಸದಲ್ಲೇ ಇದ್ದ ಅಪಾಯಗಳ ಬಗ್ಗೆ ಪುಸ್ತಕ ಬರೆದ. ಲೆಬನಾನಿನಿಂದ ವಲಸೆ ಬಂದ ದಂಪತಿಯ ಮಗ, ಕನೆಕ್ಟಿಕಟ್ ರಾಜ್ಯದ ವಿನ್‌ಸ್ಟೆಡ್ ಎಂಬ ಸಣ್ಣ ಊರಿನವನು. ಪುಸ್ತಕದ ಮೊದಲ ಅಧ್ಯಾಯವೇ ಜನರಲ್ ಮೋಟರ್ಸ್‌ನ ಕಾರ್ವೇರ್ ಕಾರಿನ ಮೇಲೆ. ಕಂಪನಿ ಪುಸ್ತಕಕ್ಕೆ ಉತ್ತರ ಹೇಳುವ ಬದಲು ಅವನ ಹಿಂದೆ ಖಾಸಗಿ ಪತ್ತೇದಾರರನ್ನು ಬಿಟ್ಟಿತು. ಅದು ಬಯಲಾಗಿ, 1966ರಲ್ಲಿ ಕಂಪನಿಯ ಅಧ್ಯಕ್ಷ ಜೇಮ್ಸ್ ರೋಷ್ ಸೆನೆಟ್ ಉಪಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ವಾಹನ ಸುರಕ್ಷತಾ ಕಾಯ್ದೆಗೆ ಸಹಿ ಹಾಕಿದರು. ನೇಡರನ ತವರು ರಾಜ್ಯವೇ 1982ರಲ್ಲಿ ದೇಶದ ಮೊದಲ ಲೆಮನ್ ಕಾನೂನು ಮಾಡಿತು. ಶಾಸಕ ಜಾನ್ ವುಡ್‌ಕಾಕ್ ಅದರ ಹಿಂದೆ ನಿಂತವರು. ಕ್ಯಾಲಿಫೋರ್ನಿಯಾ 1970ರಲ್ಲೇ ವಾರಂಟಿ ಕಾಯ್ದೆ ಮಾಡಿತ್ತು, 1982ರಲ್ಲಿ ಶಾಸಕಿ ಸ್ಯಾಲಿ ಟ್ಯಾನರ್ ತಂದ ತಿದ್ದುಪಡಿಯಿಂದ ಅದಕ್ಕೆ ಹಲ್ಲು ಬಂತು. ಈಗ ಐವತ್ತು ರಾಜ್ಯಗಳಲ್ಲೂ ಇಂಥ ಕಾನೂನಿದೆ.

ಇತಿಹಾಸ ಇಷ್ಟು ಸಾಕು. ನೀನು ತಿಳಿದಿರಬೇಕಾದ ಕಥೆ ಬೇರೆ ಇದೆ. ಅದು ನಿನ್ನ ಗಾಡಿಯ ಕಾಯಿಲೆಗೆ ಹತ್ತಿರದ್ದು. ನಮ್ಮ ಕಸುಬಿನವರು ಅದನ್ನು ಇವತ್ತಿಗೂ ತಲೆ ತಗ್ಗಿಸಿಯೇ ಹೇಳುತ್ತೇವೆ.

2010ರ ಮಾರ್ಚ್‌ನಲ್ಲಿ ಜಾರ್ಜಿಯಾ ರಾಜ್ಯದಲ್ಲಿ ನರ್ಸ್ ಆಗಿದ್ದ ಹುಡುಗಿಯೊಬ್ಬಳು ಜನರಲ್ ಮೋಟರ್ಸ್ ತಯಾರಿಸಿದ ತನ್ನ ಷೆವರ್ಲೆ ಕೋಬಾಲ್ಟ್ ಕಾರು ಓಡುತ್ತಿರುವಾಗಲೇ ಆಫ್ ಆಗುತ್ತದೆ ಎಂದು ಡೀಲರ್ ಹತ್ತಿರ ಬಿಟ್ಟಳು. ಅವರು ಇಂಧನದ ವ್ಯವಸ್ಥೆ ಶುಚಿ ಮಾಡಿ ವಾಪಸ್ ಕೊಟ್ಟರು. ಕೆಲವೇ ದಿನಗಳಲ್ಲಿ, ಮಳೆ ಬಿದ್ದ ರಸ್ತೆಯಲ್ಲಿ, ಆ ಕಾರಿನಲ್ಲೇ ಅವಳು ಸತ್ತಳು. ಅವಳ ಅಪ್ಪ ಅಮ್ಮ ಸುಮ್ಮನಾಗಲಿಲ್ಲ. ಅವರ ವಕೀಲ ಲ್ಯಾನ್ಸ್ ಕೂಪರ್ ತಜ್ಞ ಎಂಜಿನಿಯರ್ ಒಬ್ಬರಿಂದ ಕೀಲಿ ತಿರುಗಿಸುವ ಇಗ್ನಿಷನ್ ಸ್ವಿಚ್ಚನ್ನೇ ಬಿಚ್ಚಿಸಿದ. ಹಳೆಯ ಗಾಡಿಗಳ ಸ್ವಿಚ್ಚನ್ನೂ ಅಂಗಡಿಯಲ್ಲಿ ಹೊಸದಾಗಿ ಕೊಂಡ ಸ್ವಿಚ್ಚನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಒಳಗಿನ ಸ್ಪ್ರಿಂಗು ಮತ್ತು ಪ್ಲಂಜರ್ ಬೇರೆಬೇರೆ ಅಳತೆಯವು. ಹೊರಗೆ ಮಾತ್ರ ಎರಡರ ಮೇಲೂ ಒಂದೇ ಪಾರ್ಟ್ ನಂಬರು.

ಈ ಕೊನೆಯ ಮಾತು ನಿನಗೆ ಸಣ್ಣದೆನಿಸಬಹುದು. ನನ್ನಂಥವನಿಗೆ ಇಡೀ ಕಥೆಯ ವಿಷವೇ ಅಲ್ಲಿದೆ. ಹಳೆಯ ಸ್ವಿಚ್ಚು ಸಡಿಲ. ಕೀಲಿಗೊಂಚಲು ಭಾರವಾದರೆ, ಮೊಣಕಾಲು ತಾಗಿದರೆ, ಗಾಡಿ ಹಳ್ಳಕ್ಕಿಳಿದು ಎಗರಿದರೆ ಕೀಲಿ ತಾನೇ ತಿರುಗಿ ಎಂಜಿನ್ ನಿಲ್ಲುತ್ತಿತ್ತು. ಅದರ ಜೊತೆಗೆ ಸ್ಟಿಯರಿಂಗ್ ಮತ್ತು ಬ್ರೇಕಿಗೆ ಸಿಗುವ ಪವರ್ ಹೋಗುತ್ತಿತ್ತು, ಡಿಕ್ಕಿಯಾದರೆ ಏರ್‌ಬ್ಯಾಗೂ ಬಿಚ್ಚಿಕೊಳ್ಳುತ್ತಿರಲಿಲ್ಲ. 2006ರಲ್ಲಿ ಕಂಪನಿಯ ಎಂಜಿನಿಯರ್ ಒಬ್ಬ ವಿನ್ಯಾಸ ಸರಿಪಡಿಸಲು ಒಪ್ಪಿಗೆ ಕೊಟ್ಟ, ಪಾರ್ಟ್ ನಂಬರು ಮಾತ್ರ ಬದಲಿಸಲಿಲ್ಲ. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಪಾಪ ಕಡಿಮೆ. ಯಾವ ಗಾಡಿಯಲ್ಲಿ ಕೆಟ್ಟ ಸ್ವಿಚ್ಚಿದೆ, ಯಾವುದರಲ್ಲಿ ಒಳ್ಳೆಯದಿದೆ ಎಂದು ಆಮೇಲೆ ಬಂದವರು ಕಾಗದ ನೋಡಿ ಹೇಳುವ ಹಾಗೇ ಇರಲಿಲ್ಲ. ಕಂಪನಿಯ ಒಳಗಿನ ತನಿಖೆಗಳು ವರ್ಷಗಟ್ಟಲೆ ಕತ್ತಲಲ್ಲಿ ತಡಕಾಡಿದವು. ರೀಕಾಲ್ ಬಂದದ್ದು 2014ರಲ್ಲಿ, ಸುಮಾರು 26 ಲಕ್ಷ ಗಾಡಿಗಳಿಗೆ. ಸತ್ತವರು 13 ಎಂದು ಕಂಪನಿ ಮೊದಲು ಹೇಳಿತು. ಕೆನೆತ್ ಫೈನ್‌ಬರ್ಗ್ ನಡೆಸಿದ ಪರಿಹಾರ ನಿಧಿ ಕೊನೆಗೆ ಒಪ್ಪಿಕೊಂಡ ಸಾವುಗಳು 124. ಬದಲಿ ಭಾಗಕ್ಕೆ ಹಿಡಿಯುತ್ತಿದ್ದ ಖರ್ಚು 57 ಸೆಂಟ್ ಎಂದು ಸಂಸತ್ತಿನ ವಿಚಾರಣೆಯಲ್ಲಿ ಹೇಳಿದರು. 2015ರಲ್ಲಿ ಕಂಪನಿ ಸರ್ಕಾರಕ್ಕೆ 90 ಕೋಟಿ ಡಾಲರ್ ಕಟ್ಟಿತು.

ನಿನ್ನನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ನಿನ್ನ ಗಾಡಿಯದು ಬೇರೆಯೇ ದೋಷವಿರಬಹುದು, ಸಾಫ್ಟ್‌ವೇರಿನದೋ ಗೇರ್‌ಬಾಕ್ಸಿನದೋ. ಆದರೆ ‘ಓಡುವಾಗ ದಮ್ಮು ಹೋಗುತ್ತದೆ’ ಎಂದ ಗಾಡಿಯನ್ನು ‘ನಮಗೇನೂ ಕಾಣಲಿಲ್ಲ’ ಎಂದು ವಾಪಸ್ ಕೊಡುವುದು ಹೊಸದಲ್ಲ ಎಂದು ನಿನಗೆ ಗೊತ್ತಿರಲಿ. ಸರ್ವೀಸಿನವರು ಸುಳ್ಳು ಹೇಳುತ್ತಿದ್ದಾರೆ ಎಂದೂ ಅಲ್ಲ. ಡಾಕ್ಟರ ಮುಂದೆ ಕೂತೊಡನೆ ಮಗುವಿನ ಜ್ವರ ಇಳಿಯುವಂತೆ, ಬಂದು ಹೋಗುವ ದೋಷ ಮೆಕ್ಯಾನಿಕ್ ಮುಂದೆ ಮಾಯವಾಗುತ್ತದೆ. ಅದಕ್ಕೇ ಕಾಗದ ಬೇಕು.

ಈ ವಾರವೇ ಡೀಲರಿಗೆ ಹೋಗಿ ಹಿಂದಿನ ಮೂರು ಭೇಟಿಗಳ ರಿಪೇರಿ ಆರ್ಡರ್ ಪ್ರತಿ ಕೇಳು. ಅವರ ಕಂಪ್ಯೂಟರಿನಲ್ಲಿ ಇರುತ್ತದೆ. ‘ದುಡ್ಡು ತಗೊಂಡಿಲ್ಲ, ಹಾಗಾಗಿ ಬಿಲ್ ಇಲ್ಲ’ ಎಂದರೆ ಒಪ್ಪಬೇಡ. ವಾರಂಟಿಯ ಕೆಲಸಕ್ಕೂ ಇನ್‌ವಾಯ್ಸ್ ಬರೆದು ಪ್ರತಿ ಕೊಡಬೇಕೆಂದು ಕ್ಯಾಲಿಫೋರ್ನಿಯಾದ ಕಾನೂನೇ ಹೇಳುತ್ತದೆ. ನಗುನಗುತ್ತಲೇ ಕೇಳು, ಆದರೆ ಕೈಗೆ ಬರುವವರೆಗೆ ಕೌಂಟರ್ ಬಿಟ್ಟು ಕದಲಬೇಡ.

ಮುಂದಿನ ಸಲ ಗಾಡಿ ಬಿಡುವಾಗ ನಿನ್ನ ದೂರನ್ನು ಮನೆಯಲ್ಲೇ ನಾಲ್ಕು ಸಾಲು ಬರೆದುಕೊಂಡು ಹೋಗು. ರೋಗದ ಹೆಸರು ಹೇಳಬೇಡ, ಲಕ್ಷಣ ಹೇಳು. ‘ಗೇರ್‌ಬಾಕ್ಸ್ ಕೆಟ್ಟಿದೆ’ ಎಂದು ನೀನು ಹೇಳಿದರೆ ಅವರು ಗೇರ್‌ಬಾಕ್ಸ್ ಮಾತ್ರ ನೋಡಿ ಸರಿಯಿದೆ ಎಂದು ಬರೆಯುತ್ತಾರೆ. ಎಷ್ಟು ವೇಗದಲ್ಲಿದ್ದೆ, ಏರಿನಲ್ಲಿದ್ದೆಯಾ ಸಮತಟ್ಟಿನಲ್ಲಿದ್ದೆಯಾ, ಎಂಜಿನ್ ಬಿಸಿಯಾಗಿತ್ತಾ, ಎಷ್ಟು ಸೆಕೆಂಡ್ ಹಾಗಿತ್ತು, ಡ್ಯಾಷ್‌ಬೋರ್ಡಿನಲ್ಲಿ ಯಾವ ದೀಪ ಹೊತ್ತಿತು, ಇಷ್ಟು ಸಾಕು. ಸರ್ವೀಸ್ ಅಡ್ವೈಸರ್ ಅದನ್ನು ಮೂರು ಪದಕ್ಕೆ ಇಳಿಸಿ ಟೈಪ್ ಮಾಡಲು ನೋಡುತ್ತಾನೆ, ಅವನಿಗೂ ಹಿಂದೆ ಹತ್ತು ಜನ ಕಾದಿರುತ್ತಾರೆ. ‘ದಯವಿಟ್ಟು ನಾನು ಬರೆದದ್ದನ್ನೇ ಹಾಕಿ’ ಎನ್ನು. ಪ್ರತಿ ಸಲವೂ ಅದೇ ಮಾತುಗಳಿರಲಿ. ಒಂದು ಸಲ ‘ಜರ್ಕ್ ಹೊಡೆಯುತ್ತದೆ’, ಇನ್ನೊಂದು ಸಲ ‘ಪಿಕಪ್ ಇಲ್ಲ’, ಮತ್ತೊಂದು ಸಲ ‘ಏನೋ ಶಬ್ದ’ ಎಂದು ಬರೆಸಿದರೆ ನಾಳೆ ಕಂಪನಿಯ ವಕೀಲ ಅವು ಮೂರು ಬೇರೆಬೇರೆ ದೋಷ ಎನ್ನುತ್ತಾನೆ. ಕಾನೂನು ಎಣಿಸುವುದು ಒಂದೇ ದೋಷಕ್ಕೆ ಎಷ್ಟು ಸಲ ಹೋದೆ ಎಂದು. ಗಾಡಿ ಬಿಟ್ಟ ದಿನ, ತಗೊಂಡ ದಿನ, ಆಗ ಓಡಿದ್ದ ಮೈಲಿ, ಇವು ಮೂರೂ ಕಾಗದದ ಮೇಲಿವೆಯೇ ನೋಡಿ ಆಮೇಲೆ ಸಹಿ ಹಾಕು. ‘ದೋಷ ಕಂಡುಬಂದಿಲ್ಲ’ ಎಂದು ಬರೆದ ಕಾಗದವೂ ನಿನಗೆ ಆಸ್ತಿಯೇ. ಜೊತೆಯಲ್ಲಿ ಗೆಳತಿ ಕೂತಿದ್ದಾಗ ಹಾಗಾದರೆ ಅವಳು ಮೊಬೈಲಿನಲ್ಲಿ ವಿಡಿಯೋ ಮಾಡಲಿ. ಸ್ಟಿಯರಿಂಗ್ ಹಿಡಿದು ನೀನೇ ಮಾಡಲು ಹೋಗಬೇಡ, ಅದಕ್ಕೆ ಬೇರೆ ಕಾಗದ ಬರುತ್ತದೆ.

ಕ್ಯಾಲಿಫೋರ್ನಿಯಾದ ಲೆಕ್ಕ ಹೀಗಿದೆ. ಕೊಂಡ 18 ತಿಂಗಳು ಅಥವಾ 18,000 ಮೈಲಿ, ಯಾವುದು ಮೊದಲೋ ಅದರೊಳಗೆ, ಸಾವು ಅಥವಾ ದೊಡ್ಡ ಪೆಟ್ಟು ತರಬಹುದಾದ ದೋಷಕ್ಕೆ ಎರಡು ಸಲ, ಬೇರೆ ದೋಷವಾದರೆ ನಾಲ್ಕು ಸಲ ರಿಪೇರಿಗೆ ಬಿಟ್ಟಿದ್ದರೆ, ಅಥವಾ ಎಲ್ಲ ಸೇರಿ 30 ದಿನಕ್ಕಿಂತ ಹೆಚ್ಚು ಗಾಡಿ ಅವರ ಬಳಿಯೇ ನಿಂತಿದ್ದರೆ, ಕಂಪನಿಗೆ ಸಾಕಷ್ಟು ಅವಕಾಶ ಸಿಕ್ಕಿತು ಎಂದು ಕಾನೂನು ಊಹಿಸಿಕೊಳ್ಳುತ್ತದೆ. ಹೆದ್ದಾರಿಯ ನಡುವೆ ದಮ್ಮು ಹೋಗುವುದನ್ನು ಪ್ರಾಣಾಪಾಯವೆಂದು ವಾದಿಸಲು ಖಂಡಿತ ಜಾಗವಿದೆ. ಈ ಗಡಿ ದಾಟಿದವರಿಗೆ ಹಕ್ಕೇ ಇಲ್ಲ ಎಂದಲ್ಲ, ಕಂಪನಿಗೆ ಸಾಕಷ್ಟು ಅವಕಾಶ ಕೊಟ್ಟಿದ್ದೆ ಎಂದು ತಾವೇ ತೋರಿಸಬೇಕಾಗುತ್ತದೆ ಅಷ್ಟೆ. ನ್ಯೂಜೆರ್ಸಿಯಲ್ಲಿರುವ ನಿನ್ನ ಗೆಳತಿಗೆ ಈ ಅಂಕಿ ಹೇಳಬೇಡ, ಅಲ್ಲಿ 24 ತಿಂಗಳು, 24,000 ಮೈಲಿ.

ಡೀಲರ್ ಬೇರೆ, ಕಂಪನಿ ಬೇರೆ. ಡೀಲರ್ ನಗುವನ್ನು ನಂಬಿ ಕೂತರೆ ಕಂಪನಿಗೆ ನಿನ್ನ ಕಷ್ಟ ಗೊತ್ತೇ ಇಲ್ಲ ಎಂದಾಗುತ್ತದೆ. ಗಾಡಿಯ ಜೊತೆ ಬಂದ ವಾರಂಟಿ ಪುಸ್ತಕದಲ್ಲಿ ದೂರಿನ ವಿಳಾಸ ಇರುತ್ತದೆ. ಅಲ್ಲಿಗೆ ರಿಜಿಸ್ಟರ್ಡ್ ಟಪಾಲಿನಲ್ಲಿ ನೇರ ಪತ್ರ ಹಾಕು, ರಸೀದಿ ಇಟ್ಟುಕೋ. 2025ರಿಂದ ಕ್ಯಾಲಿಫೋರ್ನಿಯಾ ಹೊಸ ವಿಧಾನವೊಂದನ್ನು ತಂದಿದೆ. ಅದಕ್ಕೆ ಒಳಪಡಲು ಒಪ್ಪಿದ ಕಂಪನಿಗಳ ಮೇಲೆ ದಾವೆ ಹೂಡುವುದಾದರೆ ವಾರಂಟಿ ಮುಗಿದ ಒಂದು ವರ್ಷದೊಳಗೆ ಹೂಡಬೇಕು, ಗಾಡಿ ಕೈಗೆ ಬಂದು ಆರು ವರ್ಷ ದಾಟಿರಬಾರದು. ನಿನ್ನ ಕಂಪನಿ ಒಪ್ಪಿದ ಗುಂಪಿನದೋ ಒಪ್ಪದ ಗುಂಪಿನದೋ ಎಂದು ಮೊದಲು ವಕೀಲರನ್ನು ಕೇಳು. ವಕೀಲ ಎಂದ ಕೂಡಲೇ ಫೀಸು ನೆನೆದು ಹಿಂಜರಿಯಬೇಡ. ನೀನು ಗೆದ್ದರೆ ನಿನ್ನ ವಕೀಲರ ನ್ಯಾಯವಾದ ಫೀಸನ್ನು ಕಂಪನಿಯೇ ಕೊಡಬೇಕು. ರಾಜ್ಯದ ಕಾಯ್ದೆಯಲ್ಲಿ ಹಾಗಿದೆ, 1975ರ ಕೇಂದ್ರದ ವಾರಂಟಿ ಕಾಯ್ದೆಯಲ್ಲೂ ಅದಕ್ಕೆ ಅವಕಾಶವಿದೆ. ಕಂಪನಿ ಬೇಕೆಂದೇ ಸತಾಯಿಸಿದೆ ಎಂದು ಸಾಬೀತಾದರೆ ನಷ್ಟದ ಎರಡರಷ್ಟರವರೆಗೆ ದಂಡವನ್ನೂ ನಿನಗೆ ಕೊಡಿಸಬಹುದು. ಆದರೆ ದಂಡದ ಆಸೆಗೆ ಹೋಗಬೇಡ. ಮುಂಗಡವಾಗಿ ಕಟ್ಟಿದ್ದು, ತಿಂಗಳ ಕಂತು, ತೆರಿಗೆ, ನೋಂದಣಿ ಎಲ್ಲ ವಾಪಸ್ ಬಂದು ಸಾಲ ತೀರಿದರೆ ನೆಮ್ಮದಿ.

ವಾಪಸ್ ಕೊಡುವಾಗ ನೀನು ಓಡಿಸಿದ್ದಕ್ಕೆ ಒಂದಿಷ್ಟು ಮುರಿದುಕೊಳ್ಳುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಕ್ಯಾಲಿಫೋರ್ನಿಯಾದಲ್ಲಿ ಎಣಿಸುವುದು ಗಾಡಿ ವಾಪಸ್ ಕೊಟ್ಟ ದಿನದ ಮೈಲಿಯನ್ನಲ್ಲ, ಆ ದೋಷಕ್ಕಾಗಿ ಮೊಟ್ಟಮೊದಲ ಸಲ ರಿಪೇರಿಗೆ ಬಿಟ್ಟ ದಿನದ ಮೈಲಿಯನ್ನು. ಅದನ್ನು 1,20,000ದಿಂದ ಭಾಗಿಸಿ ಗಾಡಿಯ ಬೆಲೆಯಿಂದ ಗುಣಿಸುತ್ತಾರೆ. 36,000 ಡಾಲರಿನ ಗಾಡಿಯನ್ನು 3,000 ಮೈಲಿಯಾದಾಗ ಮೊದಲು ಬಿಟ್ಟಿದ್ದರೆ ಮುರಿಯುವುದು 900 ಡಾಲರ್. ಅದೇ ಮೊದಲ ಭೇಟಿಗೆ ಕಾಗದವಿಲ್ಲದೆ 12,000 ಮೈಲಿಯ ಭೇಟಿಯೇ ಮೊದಲನೆಯದು ಎಂದಾದರೆ 3,600. ಆ ಕಾಫಿ ಎಷ್ಟು ದುಬಾರಿಯದು ಎಂದು ಈಗ ನೀನೇ ಲೆಕ್ಕ ಹಾಕು.

ನಡುವೆ ಕಂಪನಿಯವರು ಫೋನ್ ಮಾಡಿ ‘ಎರಡು ಕಂತು ನಾವು ಕಟ್ಟುತ್ತೇವೆ’ ಎಂದೋ ‘ವಾರಂಟಿ ಎರಡು ವರ್ಷ ಜಾಸ್ತಿ ಮಾಡುತ್ತೇವೆ’ ಎಂದೋ ಹೇಳಬಹುದು. ಕೊಡುವುದನ್ನು ತಗೋ, ತಪ್ಪಿಲ್ಲ. ಸಹಿ ಹಾಕುವ ಮುಂಚೆ ಮಾತ್ರ ಕಾಗದವನ್ನು ತಳದವರೆಗೆ ಓದು, ಮುಂದಿನ ಎಲ್ಲ ಹಕ್ಕು ಬಿಟ್ಟುಕೊಟ್ಟಿದ್ದೇನೆ ಎನ್ನುವ ಸಾಲು ಅಲ್ಲೆಲ್ಲೋ ಅಡಗಿರುತ್ತದೆ. ಹೊರಗೆ ಆಯಿಲ್ ಬದಲಿಸಿದ್ದಕ್ಕೆ ವಾರಂಟಿ ಹೋಯಿತು ಎಂದು ಹೆದರಿಸಿದರೂ ಬಗ್ಗಬೇಡ, ಕಂಪನಿಯ ಗ್ಯಾರೇಜಿನಲ್ಲೇ ಮಾಡಿಸಬೇಕೆಂಬ ಷರತ್ತನ್ನು ಆ 1975ರ ಕಾಯ್ದೆ ಒಪ್ಪುವುದಿಲ್ಲ. ಆಯಿಲಿನ ರಸೀದಿ ಮಾತ್ರ ಇಟ್ಟಿರು. ಇನ್ನು ವೀಸಾದ ಭಯ. ದೂರು ಕೊಟ್ಟರೆ, ಕೇಸು ಹಾಕಿದರೆ ಎಚ್‌-1ಬಿಗೆ ತೊಂದರೆಯಾಗುತ್ತದೆ ಎಂದು ನಿಮ್ಮ ಮನೆಯ ಹುಡುಗಿಯರು ಹೇಳಿದರಂತೆ. ಯಾರು ತಲೆಗೆ ತುಂಬುತ್ತಾರೋ ಇಂಥವನ್ನು! ಲೆಮನ್ ಕಾನೂನು ಗಾಡಿ ಕೊಂಡವರ ಪಾಸ್‌ಪೋರ್ಟ್ ಬಣ್ಣ ನೋಡುವುದಿಲ್ಲ.

ರೀಕಾಲ್ ವಿಷಯಕ್ಕೆ ಬರುತ್ತೇನೆ. ನಿನ್ನ ಗಾಡಿಗೆ 17 ಅಕ್ಷರ ಮತ್ತು ಅಂಕಿಗಳ ವಿನ್ ನಂಬರಿದೆ, ನಮ್ಮೂರಲ್ಲಿ ಚಾಸಿ ನಂಬರು ಎನ್ನುತ್ತೇವಲ್ಲ, ಅದು. ಮುಂದಿನ ಗಾಜಿನ ಕೆಳಗೆ ಡ್ರೈವರ್ ಕಡೆ ಮೂಲೆಯಲ್ಲಿ ಕಾಣುತ್ತದೆ. ಅದನ್ನು ಹೆದ್ದಾರಿ ಸುರಕ್ಷತಾ ಆಡಳಿತದ ಜಾಲತಾಣದಲ್ಲಿ ಹಾಕಿದರೆ ಬಾಕಿಯಿರುವ ರೀಕಾಲ್ ತಕ್ಷಣ ಗೊತ್ತಾಗುತ್ತದೆ. ವರ್ಷಕ್ಕೆರಡು ಸಲ, ಗಡಿಯಾರ ಮುಂದೆ ಹಿಂದೆ ಮಾಡುವ ದಿನಗಳಲ್ಲಿ ನೋಡುವ ಅಭ್ಯಾಸ ಇಟ್ಟುಕೋ. ಅಂಚೆಯನ್ನೇ ನಂಬಿ ಕೂರಬಾರದು ಎನ್ನಲು ಕಾರಣವಿದೆ. ಸರ್ಕಾರಕ್ಕೆ ದೋಷ ತಿಳಿಸಿದ 60 ದಿನದೊಳಗೆ ಕಂಪನಿ ಮಾಲೀಕರಿಗೆ ಪತ್ರ ಬರೆಯಬೇಕು. ಅದು ಹೋಗುವುದು ನೋಂದಣಿಯಲ್ಲಿರುವ ವಿಳಾಸಕ್ಕೆ. ನಿಮ್ಮ ವಯಸ್ಸಿನವರು ಲೀಸ್ ಮುಗಿದ ಕೂಡಲೇ ಮನೆ ಬದಲಿಸುತ್ತೀರಿ. ಬ್ಯಾಂಕಿಗೆ ಹೇಳುತ್ತೀರಿ, ಅಮೆಜಾನಿಗೆ ಹೇಳುತ್ತೀರಿ, ಮೋಟಾರು ವಾಹನ ಇಲಾಖೆಗೆ ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹತ್ತು ದಿನದೊಳಗೆ ತಿಳಿಸಬೇಕೆಂಬ ನಿಯಮವೂ ಇದೆ.

ರೀಕಾಲ್ ರಿಪೇರಿಗೆ ದುಡ್ಡು ಕೊಡಬೇಕಾಗಿಲ್ಲ. ಗಾಡಿ ಮೊದಲು ಮಾರಾಟವಾಗಿ 15 ವರ್ಷದವರೆಗೆ ಈ ಹಕ್ಕಿದೆ, ನೀನು ಎಷ್ಟನೆಯ ಮಾಲೀಕಳಾಗಿದ್ದರೂ ಸರಿ. ಯಾವ ಊರಿನ ಅಧಿಕೃತ ಡೀಲರಾದರೂ ಮಾಡಿಕೊಡಬೇಕು. ರೀಕಾಲ್ ಬರುವ ಮುಂಚೆಯೇ ಅದೇ ದೋಷಕ್ಕೆ ನೀನು ಕೈಯಿಂದ ಖರ್ಚು ಮಾಡಿದ್ದರೆ ಅದನ್ನು ಕೇಳಿ ಪಡೆಯಲು ದಾರಿಯಿದೆ, ಅದಕ್ಕೂ ರಸೀದಿ ಬೇಕು. ಗಾಡಿಯ ಸಾಫ್ಟ್‌ವೇರ್ ರಾತ್ರಿ ಗಾಳಿಯಲ್ಲೇ ಬಂದು ಕೂತರೂ ಕಾನೂನಿನ ಕಣ್ಣಿಗೆ ಅದು ರೀಕಾಲೇ. 2023ರ ಡಿಸೆಂಬರಿನಲ್ಲಿ ಟೆಸ್ಲಾ ಆಟೋಪೈಲಟ್ ವಿಷಯದಲ್ಲಿ 20 ಲಕ್ಷಕ್ಕೂ ಹೆಚ್ಚು ಕಾರುಗಳಿಗೆ ಮಾಡಿದ್ದು ಇದನ್ನೇ. ‘ಅಪ್‌ಡೇಟ್ ನಾಳೆ’ ಎಂದು ಮೊಬೈಲಿನಲ್ಲಿ ಒತ್ತುವ ಹಾಗೆ ಗಾಡಿಯ ಪರದೆಯಲ್ಲಿ ಒತ್ತಬೇಡ. ಪತ್ರದಲ್ಲಿ ‘ಓಡಿಸಬೇಡಿ’ ಎಂದಿದ್ದರೆ ಅದರರ್ಥ ಓಡಿಸಬೇಡಿ ಎಂದೇ. ‘ಮನೆಯಿಂದ ದೂರ, ಬಯಲಲ್ಲಿ ನಿಲ್ಲಿಸಿ’ ಎಂದಿದ್ದರೆ ಬೆಂಕಿಯ ಭಯವಿದೆ ಎಂದು.

ಹಾಗೆಯೇ, ನಿನ್ನ ಗಾಡಿಯ ದೋಷವನ್ನು ಅದೇ ಆಡಳಿತಕ್ಕೆ ಇವತ್ತೇ ದೂರು ಕೊಡು. ಅದಕ್ಕೆ ವಕೀಲ ಬೇಡ, ದುಡ್ಡು ಬೇಡ. ನಿನ್ನೊಬ್ಬಳ ದೂರಿನಿಂದ ಏನಾಗುತ್ತದೆ ಎನ್ನಬೇಡ. ಅಲ್ಲಿನ ದೋಷ ತನಿಖಾ ವಿಭಾಗ ಒಂದೇ ಮಾದರಿಯ ಗಾಡಿಗಳಿಂದ ಒಂದೇ ಥರದ ದೂರು ಗುಂಪುಗುಂಪಾಗಿ ಬರುತ್ತಿದೆಯೇ ಎಂದು ನೋಡಿಯೇ ತನಿಖೆ ತೆರೆಯುವುದು. ನೀನು ಬರೆಯದಿದ್ದರೆ ಆ ಗುಂಪಿನಲ್ಲಿ ಒಂದು ಕಡಿಮೆ.

ನಿನ್ನ ಮನೆಯ ಆ ಹೊಸ ಹುಡುಗಿ ಹಳೆಯ ಕಾರು ನೋಡುತ್ತಿದ್ದಾಳೆ ಎಂದೆ. ಅವಳಿಗೆ ಇದನ್ನು ಓದಿ ಹೇಳು. ಬಳಸಿದ ಕಾರಿನ ಪೇಟೆಯಲ್ಲಿ ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಅದರಿಂದ ಒಳ್ಳೆಯ ಗಾಡಿಗೂ ಒಳ್ಳೆಯ ಬೆಲೆ ಸಿಗದೆ ಅವು ಪೇಟೆಯಿಂದಲೇ ಹಿಂದೆ ಸರಿಯುತ್ತವೆ ಎಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ಒಂದು ಪ್ರಬಂಧ ಬರೆದರು. ಮೂರು ಪತ್ರಿಕೆಗಳು ತಿರಸ್ಕರಿಸಿದ ಆ ಪ್ರಬಂಧವೇ ಅವರಿಗೆ 2001ರಲ್ಲಿ ನೊಬೆಲ್ ತಂದಿತು. ಅದು ಅಚ್ಚಾಗುವುದಕ್ಕೆ ಮುಂಚೆ ಅವರು ದೆಹಲಿಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಒಂದು ವರ್ಷ ಇದ್ದರು. ನಮ್ಮ ಲೇವಾದೇವಿದಾರರ ಬಡ್ಡಿಯ ಉದಾಹರಣೆಯೂ ಆ ಪ್ರಬಂಧದಲ್ಲಿದೆ. ಇರಲಿ.

ಬಾಡಿಗೆ ಕಾರಿಗೂ ಹಳೆಯ ಕಾರಿಗೂ ಇಲ್ಲಿ ಕಾನೂನು ಬೇರೆ. 2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೌಕ್ ಎಂಬ ಮನೆತನದ ಅಕ್ಕತಂಗಿಯರು, 24 ಮತ್ತು 20 ವಯಸ್ಸಿನವರು, ರೀಕಾಲ್ ಬಾಕಿಯಿದ್ದ ಬಾಡಿಗೆ ಕಾರಿನಲ್ಲಿ ಸತ್ತರು. ಅವರ ತಾಯಿ ಹನ್ನೊಂದು ವರ್ಷ ಹೋರಾಡಿದ ಮೇಲೆ, 2015ರಲ್ಲಿ, 35ಕ್ಕಿಂತ ಹೆಚ್ಚು ಗಾಡಿಯಿರುವ ಬಾಡಿಗೆ ಕಂಪನಿಗಳು ರೀಕಾಲ್ ಬಾಕಿಯಿರುವ ಗಾಡಿ ಕೊಡುವಂತಿಲ್ಲ ಎಂದು ಆ ಅಕ್ಕತಂಗಿಯರ ಹೆಸರಿನಲ್ಲೇ ಕಾನೂನಾಯಿತು. ಹಳೆಯ ಕಾರು ಮಾರುವ ಡೀಲರಿಗೆ ಮಾತ್ರ ಅಂಥ ಕೇಂದ್ರ ಕಾನೂನಿಲ್ಲ. ಹಾಗಾಗಿ ವಿನ್ ನಂಬರು ಪರೀಕ್ಷಿಸದೆ ಅಡ್ವಾನ್ಸ್ ಕೊಡಕೂಡದು. ಅದರಲ್ಲೂ 2001ರಿಂದ 2003ರವರೆಗಿನ ಕೆಲವು ಹೋಂಡಾ, ಅಕ್ಯುರಾ ಕಾರುಗಳು ಇನ್ನೂ ವಿದ್ಯಾರ್ಥಿಗಳ ಕೈಯಿಂದ ಕೈಗೆ ಓಡಾಡುತ್ತಿರುತ್ತವೆ. ಅವುಗಳಲ್ಲಿ ಟಕಾಟಾ ಕಂಪನಿಯ ಏರ್‌ಬ್ಯಾಗ್ ಬದಲಿಸದೆ ಉಳಿದಿದ್ದರೆ, ಡಿಕ್ಕಿಯಾದಾಗ ಅದು ಸಿಡಿಯುವ ಸಂಭವ ನೂರಕ್ಕೆ 50ರವರೆಗೆ ಇದೆ ಎಂದು ಸರ್ಕಾರವೇ 2016ರಲ್ಲಿ ಎಚ್ಚರಿಸಿತು. ಅದರೊಳಗಿನ ಅಮೋನಿಯಂ ನೈಟ್ರೇಟ್ ವರ್ಷಾನುಗಟ್ಟಲೆ ಸೆಕೆ, ತೇವ ಹೀರಿ ಕೆಡುತ್ತದೆ. ಆಗ ಗಾಳಿ ತುಂಬುವ ಲೋಹದ ಡಬ್ಬಿಯೇ ಒಡೆದು ಚೂರುಗಳು ಮುಖಕ್ಕೆ, ಕುತ್ತಿಗೆಗೆ ಹಾರುತ್ತವೆ. ಈ ದೇಶವೊಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್‌ಗಳ ರೀಕಾಲ್ ಅದು. ಟಕಾಟಾ 2017ರಲ್ಲಿ ದಿವಾಳಿಯೆದ್ದಿತು.

ಬಾಗಿಲ ಚೌಕಟ್ಟನ್ನೂ ನೋಡಲು ಹೇಳು. ಲೆಮನ್ ಎಂದು ಕಂಪನಿ ವಾಪಸ್ ಪಡೆದ ಕಾರನ್ನು ಕ್ಯಾಲಿಫೋರ್ನಿಯಾದಲ್ಲಿ ಮತ್ತೆ ಮಾರುವಾಗ ಎಡಗಡೆಯ ಚೌಕಟ್ಟಿಗೆ ಚೀಟಿ ಅಂಟಿಸಬೇಕು, ಮಾಲೀಕತ್ವದ ಪತ್ರದಲ್ಲೂ ಬರೆಯಬೇಕು. ಇನ್ನೊಂದು ವಿಷಯ, 2024ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ, ಮೊದಲ ಮಾಲೀಕರ ಕಂಪನಿ ವಾರಂಟಿ ಇನ್ನೂ ಉಳಿದಿದೆ ಎಂಬ ಒಂದೇ ಕಾರಣಕ್ಕೆ ಹಳೆಯ ಕಾರು ಲೆಮನ್ ಕಾನೂನಿನ ಹೊಸ ಕಾರಾಗುವುದಿಲ್ಲ. ‘ವಾರಂಟಿ ಇದೆ’ ಎನ್ನುವ ಮಾರಾಟಗಾರನ ಮಾತಿಗೆ ಅವಳು ಮರುಳಾಗುವುದು ಬೇಡ.

ನಿನ್ನಪ್ಪನೂ ನನ್ನನ್ನು ಕೇಳಿದ, ನಮ್ಮಲ್ಲೂ ಇಂಥದ್ದಿದೆಯಾ ಅಂತ. ಲೆಮನ್ ಕಾನೂನು ಭಾರತದಲ್ಲಿ ಇಲ್ಲ. ರೀಕಾಲ್ ಇದೆ. 2012ರಿಂದ ಕಂಪನಿಗಳೇ ಒಪ್ಪಿಕೊಂಡ ಸ್ವಯಂಪ್ರೇರಿತ ನಿಯಮವಿತ್ತು. 2019ರ ಮೋಟಾರು ವಾಹನ ತಿದ್ದುಪಡಿ ಸರ್ಕಾರಕ್ಕೆ ಕಡ್ಡಾಯವಾಗಿ ಕರೆಸುವ ಅಧಿಕಾರ ಕೊಟ್ಟಿತು. 2021ರ ಏಪ್ರಿಲ್ 1ರಿಂದ ಅದರ ನಿಯಮಗಳಿವೆ, ಏಳು ವರ್ಷದೊಳಗಿನ ಗಾಡಿಗಳಿಗೆ. ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿಯವರೆಗೆ. ಒಂದೇ ಗಾಡಿ ಕೆಟ್ಟರೆ ಗ್ರಾಹಕ ಆಯೋಗವೇ ಗತಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗಾಡಿ ಬೆಂಗಳೂರಿನಲ್ಲಿ ಕೊಂಡಿದ್ದರೂ ತಾನಿರುವ ಹಾಸನದ ಜಿಲ್ಲಾ ಆಯೋಗದಲ್ಲೇ ಅವನು ದೂರು ಕೊಡಬಹುದು, ಎರಡು ವರ್ಷದೊಳಗೆ. ಆದರೆ ಅಲ್ಲಿ ಹಾದಿ ಕಡಿದು. ಒಂದು ಭಾಗ ಬದಲಿಸಿದರೆ ಸರಿಹೋಗುವ ದೋಷಕ್ಕೆ ಇಡೀ ಕಾರು ಬದಲಿಸಿಕೊಡಿ ಎನ್ನಲಾಗದು ಎಂದು 2006ರಲ್ಲಿ ಮಾರುತಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರಲ್ಲಿ ಅದೇ ಕೋರ್ಟು, ಡಿಕ್ಕಿಯಲ್ಲಿ ಏರ್‌ಬ್ಯಾಗ್ ಬಿಚ್ಚದ ಹ್ಯುಂಡೈ ಕ್ರೆಟಾದ ಮಾಲೀಕರಿಗೆ ಕಾರು ಬದಲಿಸಿ 3 ಲಕ್ಷ ರೂಪಾಯಿ ಕೊಡಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು. ನಿನ್ನಪ್ಪನ ಗಾಡಿಯ ಜಾಬ್ ಕಾರ್ಡುಗಳೆಲ್ಲ ಡ್ಯಾಷ್‌ಬೋರ್ಡಿನೊಳಗೆ ಮುದ್ದೆಯಾಗಿ ಬಿದ್ದಿವೆಯಂತೆ, ಬಿಡಿಸಿ ಫೋಟೋ ತೆಗೆದಿಡು ಎಂದು ಹೇಳಿದ್ದೇನೆ. ನೀನೂ ಒಂದು ಮಾತು ಹೇಳು, ನನ್ನ ಮಾತಿಗಿಂತ ನಿನ್ನ ಮಾತು ಅವನಿಗೆ ಬೇಗ ನಾಟುತ್ತದೆ.

ಸೋಮವಾರ ಗಾಡಿ ಬಿಡುವಾಗ ಅಡ್ವೈಸರನ್ನೋ ಮೆಕ್ಯಾನಿಕನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಅದೇ 101ರ ಹಾದಿಯಲ್ಲಿ ಒಂದು ಸುತ್ತು ಹೊಡೆಸಲು ಕೇಳು, ಹೊಡೆಸಿದರು ಎಂದೂ ಕಾಗದದ ಮೇಲೆ ಬರೆಸು. ಅಲ್ಲಿಯವರೆಗೆ ಆಫೀಸಿಗೆ ಒಳರಸ್ತೆಯಲ್ಲೇ ಹೋಗು, ಇಲ್ಲವೇ ರೈಲಿದೆ. ಕಂಪನಿಗೆ ಹಾಕುವ ಪತ್ರದ ಕರಡನ್ನು ನಾನು ಇವತ್ತು ರಾತ್ರಿ ಬರೆದು ಕಳಿಸುತ್ತೇನೆ. ಮೈಲಿ ಮತ್ತು ತಾರೀಕುಗಳನ್ನು ಖಾಲಿ ಬಿಟ್ಟಿರುತ್ತೇನೆ, ಆ ಮೂರು ಕಾಗದ ಕೈಗೆ ಬಂದ ಮೇಲೆ ನೋಡಿಕೊಂಡು ತುಂಬು.

ನಿನ್ನ ದೊಡ್ಡಪ್ಪ